ಫೈಲು ಮೇಲೆ ಬಂದ ದಿನ

ನಾನು ಹಾಸಿಗೆ ರಿಪೇರಿ ಮಾಡುವವಳು. ಹಳೆಯ ಹಾಸಿಗೆಯ ಹೊಟ್ಟೆ ಸೀಳಿ, ಗಂಟುಗಟ್ಟಿದ ಹತ್ತಿಯನ್ನು ಹೊರಗೆಳೆದು, ನೆಲಕ್ಕೆ ಹರಡಿ, ಕೋಲಿನಲ್ಲಿ ಬಡಿದು, ಮತ್ತೆ ತುಂಬಿ ದಬ್ಬಣದಲ್ಲಿ ಹೊಲಿದು ಕೊಡುತ್ತೇನೆ. ನನ್ನ ಕೈಯ ಹಾಸಿಗೆಯಷ್ಟು ಮೆತ್ತನೆಯದು ಬೇರೆಲ್ಲೂ ಸಿಗುವುದಿಲ್ಲವೆಂದು ಗಿರಾಕಿಗಳು ಹೊಗಳುತ್ತಾರೆ. ಅದರ ಗುಟ್ಟು ಅವರಿಗೆ ಗೊತ್ತಿಲ್ಲ. ಬಡಿಯುವಾಗ ನನ್ನ ಕಣ್ಣ ಮುಂದೆ ಇರುತ್ತಿದ್ದದ್ದು ಹತ್ತಿಯಲ್ಲ, ನನ್ನ ತಂಗಿಯ ಗಂಡನಾಗಿದ್ದ ಮಹಾನುಭಾವನ ಬೆನ್ನು.

ಮಹಾನುಭಾವನದು ಕನ್ನಡಕದ ಅಂಗಡಿ. ಗಿರಾಕಿಯ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು, ಗಾಜು ಬದಲಾಯಿಸುತ್ತಾ 'ಈಗ ಹೇಗಿದೆ? ಈಗ?' ಎಂದು ಕೇಳುವಾಗ ಅವನ ದನಿ ಬೆಣ್ಣೆ. ಮುದುಕಿಯರು ಅವನ ತಲೆ ಸವರಿ ಹೋಗುತ್ತಿದ್ದರು. ಮನೆಗೆ ಬಂದ ಮೇಲೆ ಅದೇ ಎರಡು ಬೆರಳು ನನ್ನ ತಂಗಿಯ ಗಲ್ಲ ಹಿಡಿಯುತ್ತಿದ್ದವು. ಹೊಡೆಯುವ ಮೊದಲು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಡುತ್ತಿದ್ದ, ಅದರ ಗಾಜು ಒಡೆದೀತೆಂಬ ಕಾಳಜಿಗೆ. ಅವಳ ಪಕ್ಕೆಲುಬು ಮುರಿಯಿತು, ಎಡಗಿವಿಯ ತಮಟೆ ಹರಿಯಿತು, ಆ ಗಡಿಯಾರಕ್ಕೆ ಒಂದು ಗೀರೂ ಬೀಳಲಿಲ್ಲ.

ಕೋರ್ಟು ವಿಚ್ಛೇದನ ಕೊಟ್ಟಿತು. ಮಗಳು ತಾಯಿಯ ಹತ್ತಿರವೇ ಇರತಕ್ಕದ್ದು, ತಂದೆಗೆ ಅವಳ ಮೇಲೆ ಯಾವ ಅಧಿಕಾರವೂ ಇಲ್ಲ ಎಂದು ತೀರ್ಪು ಬರೆಯಿತು. ಆ ತೀರ್ಪಿನ ಪ್ರತಿ ನಮ್ಮ ಹತ್ತಿರ ಇದ್ದದ್ದು ಒಂದೇ. ಒಂದು ದಿನ ಮಹಾನುಭಾವ ನಾವಿದ್ದ ಬಾಡಿಗೆ ಮನೆಯ ಬಾಗಿಲು ಒದ್ದು ಒಳಗೆ ಬಂದ. ಗಡಿಯಾರ ಬಿಚ್ಚಿಟ್ಟ. ತಂಗಿಯ ಕೂದಲು ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ, ತೀರ್ಪಿನ ಪ್ರತಿಯನ್ನು ಹರಿದು ಒಲೆಗೆ ಹಾಕಿದ, 'ಈಗ ಹೇಳು, ಯಾವ ಕೋರ್ಟು?' ಎಂದು ಕೇಳಿದ. ನಾನು ಅಂಗಡಿಯಲ್ಲಿದ್ದೆ. ಬಂದು ನೋಡಿದರೆ ಗೋಡೆಗೆ ಕೂದಲು ಅಂಟಿತ್ತು, ಅವಳ ಮಗಳು ಮಂಚದ ಕೆಳಗೆ ಬಟ್ಟೆ ಒದ್ದೆ ಮಾಡಿಕೊಂಡು ಕೂತಿತ್ತು. ಆ ಮಗುವನ್ನು ನಾವು ಪಿಟೀಲು ಎಂದು ಕರೆಯುತ್ತೇವೆ, ಅತ್ತರೆ ಅಷ್ಟು ಸಣ್ಣ ದನಿ. ಅವತ್ತು ಅದು ಅಳಲೂ ಇಲ್ಲ.

ಪೊಲೀಸರು ಬಂದರು, ಬರೆದುಕೊಂಡರು, ಅವನನ್ನು ಕರೆದುಕೊಂಡು ಹೋದರು. ಸ್ವಲ್ಪ ದಿನಕ್ಕೇ ಅವನು ಹೊರಗೆ ಬಂದು ಮತ್ತೆ ಮುದುಕಿಯರ ಕಣ್ಣು ಪರೀಕ್ಷೆ ಮಾಡುತ್ತಿದ್ದ. ನಾವು ಗಂಟುಮೂಟೆ ಕಟ್ಟಿಕೊಂಡು ಊರಿನ ಇನ್ನೊಂದು ತುದಿಗೆ ಹೋದೆವು. ನೆಂಟರಿಗೂ ವಿಳಾಸ ಹೇಳಲಿಲ್ಲ. ನಾನು ಅಂಗಡಿಯ ಬೋರ್ಡು ಕೂಡ ಹಾಕಲಿಲ್ಲ.

ತಂಗಿ ಆಸ್ಪತ್ರೆಯೊಂದರಲ್ಲಿ ಎದ್ದೇಳಲಾಗದವರ ಮಗ್ಗುಲು ಬದಲಿಸುವ, ಮೈ ಒರೆಸುವ ಕೆಲಸ ಕಲಿತಿದ್ದಳು. ಸಮುದ್ರದಾಚೆಯ ಒಂದು ವೃದ್ಧಾಶ್ರಮ ಅವಳನ್ನು ಕೆಲಸಕ್ಕೆ ಕರೆಯಿತು, ಮಗಳನ್ನೂ ಕರೆತರಬಹುದು ಎಂದಿತು. ಎಲ್ಲಾ ಕಾಗದ ಸರಿಯಾಯಿತು, ಮಗುವಿನ ಪಾಸ್‌ಪೋರ್ಟ್ ಒಂದನ್ನು ಬಿಟ್ಟು. ದೊಡ್ಡ ಊರಿನ ಪಾಸ್‌ಪೋರ್ಟ್ ಕಚೇರಿಯವನು ತಲೆ ಎತ್ತದೇ ಹೇಳಿದ: "ತಂದೆ ಸಹಿ ಬೇಕು. ಇಲ್ಲಾಂದ್ರೆ ಮಗು ನಿಮ್ಮ ಹತ್ರಾನೇ ಇರಬೇಕು ಅಂತ ಇರೋ ಕೋರ್ಟ್ ತೀರ್ಪು ತನ್ನಿ. ಸೀಲ್ ಇರ್ಬೇಕು, ಜೆರಾಕ್ಸ್ ನಡೆಯಲ್ಲ."

ಆ ಪ್ರತಿ ಸಿಕ್ಕರೆ ತಾಯಿ ಮಗಳು ಇಬ್ಬರೂ ಅವನ ಕೈಗೆ ಎಟುಕದ ಜಾಗಕ್ಕೆ ಹೋಗುತ್ತಾರೆ. ಸಿಗದಿದ್ದರೆ ಇಲ್ಲೇ, ಯಾರು ಬಾಗಿಲು ಬಡಿದರೂ ಮಂಚದ ಕೆಳಗೆ. ನಮಗೆ ಬೇಕಾಗಿದ್ದದ್ದು ಅಷ್ಟೇ, ನಾಲ್ಕು ಹಾಳೆ ಮತ್ತು ಅದರ ಮೇಲೊಂದು ಮುದ್ರೆ.

ಪ್ರತಿ ಕೊಡುವ ವಿಭಾಗ ಕೋರ್ಟಿನ ಹಿಂಬದಿಯಲ್ಲಿ, ಶೌಚಾಲಯ ದಾಟಿದ ಮೇಲೆ ಇತ್ತು. ಒಂದು ಕಿಟಕಿ, ಕಿಟಕಿಯ ಹಿಂದೆ ಒಂದು ಕೋಣೆ, ಕೋಣೆಯ ಮೂಲೆಯಲ್ಲಿ ನೆಲಮಾಳಿಗೆಗೆ ಇಳಿಯುವ ಕಬ್ಬಿಣದ ಮೆಟ್ಟಿಲು. ಮುಗಿದುಹೋದ ಕೇಸುಗಳೆಲ್ಲ ಕೆಂಪು ಬಟ್ಟೆಯ ಗಂಟುಗಳಲ್ಲಿ ಆ ನೆಲಮಾಳಿಗೆಯಲ್ಲಿ ಮಲಗಿರುತ್ತವೆ. ಅವನ್ನು ಎಬ್ಬಿಸಿ ತರುವವರು ಒಬ್ಬರೇ. ವಕೀಲರು ಅವರನ್ನು ನೆಲಮಾಳಿಗೆ ಯಜಮಾನರು ಎನ್ನುತ್ತಿದ್ದರು. ಕುತ್ತಿಗೆಗೆ ಒಂದು ಟವೆಲು, ಧೂಳಿಗೆ ಕೆಂಪಾದ ಕಣ್ಣು, ನೋಯುವ ಮಂಡಿ. ಒಳ್ಳೆಯ ಮನುಷ್ಯ. ಇದನ್ನು ಹಲ್ಲು ಕಚ್ಚಿಕೊಂಡೇ ಹೇಳುತ್ತಿದ್ದೇನೆ.

ಅರ್ಜಿ ಬರೆಯುವಾಗಲೇ ನನಗೂ ತಂಗಿಗೂ ಕಿತ್ತಾಟವಾಯಿತು.

"ವಿಳಾಸ ನಂದು ಬರಿಬೇಡ, ಆಸ್ಪತ್ರೇದು ಬರಿ," ಎಂದೆ.

"ಆಸ್ಪತ್ರೇದು ಯಾಕೆ ಬರೀಲಿ? ಅಲ್ಲಿಗೂ ಬಂದು ನಿಂತ್ಕೊಳ್ಳಲಿ ಅಂತಾನಾ? ನಿಂಗೆ ಅಷ್ಟೂ ತಲೆ ಓಡಲ್ವಾ ಅಕ್ಕ?"

"ನನ್ನ ತಲೆ ವಿಷಯ ಆಮೇಲೆ ನೋಡೋಣ. ಏನಾದ್ರೂ ಬರಿ, ಹಿಂದೆ ಜನ ನಿಂತಿದಾರೆ."

"ಏನಾದ್ರೂ ಬರಿಯೋಕೆ ಇದೇನು ಪ್ರೇಮಪತ್ರಾನಾ?"

ಯಜಮಾನರು ಕಿಟಕಿಯಾಚೆಯಿಂದ ನಕ್ಕರು. "ಜಗಳ ಆಡ್ಬೇಡಿ ತಾಯಿ. ವಕೀಲರ ವಿಳಾಸ ಹಾಕಿ, ಸಾಕು. ನನಗೆ ಬೇಕಾಗಿರೋದು ಕೇಸ್ ನಂಬರು ಒಂದೇ." ಆಮೇಲೆ ತಮ್ಮ ಮಂಡಿ ಒತ್ತಿಕೊಳ್ಳುತ್ತಾ, "ನಿಮ್ಮ ಫೈಲು ಅತ್ಲಾಗಿನ ಕೊನೇ ಸಾಲಲ್ಲಿದೆ. ಆ ಮೆಟ್ಟಿಲು ಇಳಿದು ಹತ್ತೋದ್ರಲ್ಲೇ ನನ್ನ ಆಯುಷ್ಯ ಮುಗೀತು. ಒಂದ್ಸಲ ಮೇಲೆ ತಂದ್ರೆ ಅದರ ಕೆಲಸ ಎಲ್ಲಾ ಮುಗಿಸೇ ಕೆಳಗಿಡೋದು ನನ್ನ ಪದ್ಧತಿ," ಎಂದರು. ನಾನು ಪಾಪ ಎಂದುಕೊಂಡೆ.

ಕರೆದ ದಿನ ಪಿಟೀಲನ್ನು ಪಕ್ಕದ ಟೈಲರಮ್ಮನ ಹತ್ತಿರ ಬಿಟ್ಟು ಇಬ್ಬರೂ ಹೋದೆವು. ಮಧ್ಯಾಹ್ನದ ಕಲಾಪ ಶುರುವಾಗಿತ್ತು, ಹಿಂಬದಿಯ ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಯಜಮಾನರು ನಮ್ಮನ್ನು ಕೋಣೆಯ ಒಳಗೇ ಕರೆದು ಕುರ್ಚಿ ಕೊಟ್ಟರು. ಉದ್ದನೆಯ ಮೇಜಿನ ಮೇಲೆ ನಮ್ಮ ಫೈಲು ಬಿಚ್ಚಿಕೊಂಡು ಬಿದ್ದಿತ್ತು. ಪಕ್ಕದಲ್ಲಿ ಸಹಿಯಾದ ಹಾಳೆಗಳು, ಅದರ ಪಕ್ಕದಲ್ಲಿ ಕಬ್ಬಿಣದ ಒತ್ತುಮುದ್ರೆಯ ಯಂತ್ರ. ಹಾಳೆಯನ್ನು ಅದರ ಬಾಯಿಗೆ ಕೊಟ್ಟು ಹಿಡಿ ಒತ್ತಿದರೆ ಕೋರ್ಟಿನ ಮುದ್ರೆ ಉಬ್ಬಿ ಮೂಡುತ್ತದೆ. ಒಂದು ಕೈಯಲ್ಲಿ ಎತ್ತಲಾಗದ ಭಾರ.

"ಹಾಳೆ ಹೊಲಿದು ಮುದ್ರೆ ಒತ್ತಿಬಿಟ್ರೆ ಆಯ್ತು," ಎನ್ನುತ್ತಾ ಅವರು ದಬ್ಬಣಕ್ಕೆ ದಾರ ಪೋಣಿಸತೊಡಗಿದರು. ಮುಖದಲ್ಲಿ ಏನೋ ಸಂತೋಷ ತುಳುಕುತ್ತಿತ್ತು. "ಇನ್ನೊಂದು ಉಪಕಾರಾನೂ ಮಾಡಿಟ್ಟಿದೀನಿ ನೋಡಿ."

"ಏನು?" ಎಂದೆ.

"ಫೈಲು ಹೇಗೂ ಮೇಲೆ ಬಂದಿತ್ತಲ್ಲ. ನಾಳೆ ಎದುರು ಪಾರ್ಟಿ ಬಂದು ನಂಗೂ ಒಂದು ಕಾಪಿ ಅಂದ್ರೆ ಮತ್ತೆ ಇಳೀಬೇಕು. ಅದಕ್ಕೇ ನಾನು ಯಾವ ಫೈಲು ತಂದ್ರೂ ಇನ್ನೊಂದು ಕಡೆಯವರಿಗೂ ಒಂದು ಫೋನ್ ಮಾಡಿಬಿಡ್ತೀನಿ. ಜಮೀನು ಕೇಸಲ್ಲಿ ಅಣ್ಣತಮ್ಮಂದಿರು ಇದೇ ಬೆಂಚಲ್ಲಿ ಅಕ್ಕಪಕ್ಕ ಕೂತು ತಗೊಂಡು ಹೋಗ್ತಾರೆ. ನಿಮ್ಮವರಿಗೂ ಮಾಡ್ದೆ. ಅವರಿಗೂ ಬೇಕಂತೆ. ಎಷ್ಟು ಮರ್ಯಾದೆಯಾಗಿ ಮಾತಾಡಿದ್ರು ಅಂತೀರಿ."

ತಂಗಿ ಬಲಗಿವಿಯನ್ನು ಅವರ ಕಡೆಗೆ ತಿರುಗಿಸಿ, ತಾನು ಕೇಳಿದ್ದು ಸರಿಯೇ ಎಂಬಂತೆ ನೋಡಿದಳು.

"ನಮ್ಮ ವಿಳಾಸ ಕೊಟ್ರಾ?" ಎಂದೆ.

"ಛೇ ಛೇ, ಅದೆಲ್ಲ ಕೊಡಲ್ಲಮ್ಮ, ತಪ್ಪಾಗುತ್ತೆ. ಇವತ್ತು ಮಧ್ಯಾಹ್ನ ಅವರು ಬರ್ತಾರೆ, ನೀವೂ ಬಂದ್ರೆ ಒಟ್ಟಿಗೇ ಕೊಟ್ಟುಬಿಡ್ತೀನಿ ಅಂದೆ, ಅಷ್ಟೇ."

ನಾನು ಎದ್ದು ತಂಗಿಯ ತೋಳು ಹಿಡಿದು ಎಳೆದೆ. "ನಡಿ. ಹೋಗೋಣ."

"ಕಾಪಿ ಇಲ್ದೆ ನಾನು ಬರಲ್ಲ."

"ಕಾಪಿ ನಾಳೆ ನಾನೊಬ್ಳೇ ಬಂದು ತಗೊಳ್ತೀನಿ. ಎದ್ದೇಳು."

"ನಾಳೆ ನಂಗೆ ಪಾಸ್‌ಪೋರ್ಟ್ ಆಫೀಸಲ್ಲಿ ಕೊನೇ ದಿನ. ಮತ್ತೆ ಯಾವಾಗ ಕರೀತಾರೋ. ಅವನು ಬರೋದ್ರೊಳಗೆ ಹೊಲಿದು ಮುದ್ರೆ ಹಾಕಿಸ್ಕೊಂಡು ಹೋಗೋಣ. ಎಳೀಬೇಡ ನನ್ನ."

ಅವಳ ಜೊತೆ ವಾದ ಮಾಡಿ ಗೆದ್ದವರಿಲ್ಲ. ನಾನು ಯಜಮಾನರ ಕೈಯಿಂದ ದಬ್ಬಣ ಕಿತ್ತುಕೊಂಡೆ. "ಹೊರಗಿನವರು ಹೊಲಿಯೋ ಹಾಗಿಲ್ಲಮ್ಮ," ಎಂದು ಅವರು ಗೊಣಗಿದರು. ಹಾಗಿಲ್ಲದಿದ್ದರೆ ಬಿಡಿ ಎಂದು ನಾನು ಹಾಳೆಗಳನ್ನು ಸಮ ಮಾಡಿ ಚುಚ್ಚಿದೆ. ಇಂಥ ಹೊಲಿಗೆ ನನಗೆ ಉಸಿರಾಡಿದಷ್ಟು ಸಲೀಸು, ಆದರೆ ಅವತ್ತು ದಾರ ಎರಡು ಸಲ ಗಂಟು ಬಿತ್ತು. ಮೂರನೆಯ ತೂತು ಹಾಕುವಾಗ ಬಾಗಿಲಲ್ಲಿ ಬೆಣ್ಣೆಯಂಥ ದನಿ ಕೇಳಿತು.

"ಒಳಗೆ ಬರಬಹುದಾ ಸರ್?"

ಇಸ್ತ್ರಿ ಮಾಡಿದ ಅಂಗಿ, ತಲೆಗೆ ಎಣ್ಣೆ, ಮುಖದಲ್ಲಿ ನಗು. ಯಜಮಾನರು "ಬನ್ನಿ, ಬನ್ನಿ," ಎಂದು ಎದ್ದೇ ನಿಂತರು. ಮಹಾನುಭಾವ ಅವರಿಗೆ ಕೈಮುಗಿದ. "ಸರ್, ಎರಡು ನಿಮಿಷ ಮನೆ ವಿಷಯ ಮಾತಾಡ್ಬೇಕಿತ್ತು. ಎಷ್ಟೋ ದಿನದ ಮೇಲೆ ಸಿಕ್ಕಿದಾರೆ."

"ಮಾತಾಡಿ, ಮಾತಾಡಿ. ಎಷ್ಟು ಜೋಡಿ ಇದೇ ರೂಮಲ್ಲಿ ರಾಜಿಯಾಗಿದೆ," ಎಂದರು ಆ ಪುಣ್ಯಾತ್ಮ.

"ಯಜಮಾನ್ರೇ, ಹೋಗ್ಬೇಡಿ," ಎಂದು ನಾನು ಕೂಗಿದೆ. ಅವರು 'ಎಲ್ಲಾ ಸರಿಹೋಗುತ್ತಮ್ಮ' ಎಂಬಂತೆ ಕೈ ಆಡಿಸಿ, ಟವೆಲು ಮೂಗಿಗೆ ಸುತ್ತಿಕೊಂಡು ನೆಲಮಾಳಿಗೆಯ ಮೆಟ್ಟಿಲು ಇಳಿದರು. ಅವರ ಮಂಡಿಗೆ ಇಳಿಯುವುದು ಬೇಗ, ಹತ್ತುವುದು ನಿಧಾನ.

ಮಹಾನುಭಾವ ಬಾಗಿಲ ಚಿಲಕ ಹಾಕಿದ. ನಗು ಹಾಗೇ ಇತ್ತು. ಕೈಗಡಿಯಾರ ಬಿಚ್ಚಿದ. ಮೇಜಿನ ಮೇಲೆ, ಒತ್ತುಮುದ್ರೆಯ ಪಕ್ಕದಲ್ಲಿ, ಪಟ್ಟಿಯನ್ನು ನೇರ ಮಾಡಿ ಇಟ್ಟ. ತಂಗಿಯ ಕಣ್ಣು ಆ ಗಡಿಯಾರದ ಮೇಲೆ ನೆಟ್ಟಿತು.

"ಚೆನ್ನಾಗಿದೀಯಾ ಅಕ್ಕ?" ಎಂದು ನನ್ನನ್ನು ಕೇಳಿದ. ನನ್ನ ಕೈಯಲ್ಲಿದ್ದ ಹಾಳೆಗಳನ್ನು ಮೆಲ್ಲಗೆ ತೆಗೆದುಕೊಂಡ. "ಮಗಳು ಎಲ್ಲಿ?"

ಎಷ್ಟು ವರ್ಷ ನಾನು ಈ ಗಳಿಗೆಯ ಕನಸು ಕಂಡಿದ್ದೆ. ಸಿಕ್ಕರೆ ಚರ್ಮ ಸುಲಿಯುತ್ತೇನೆ, ಕಣ್ಣು ಕೀಳುತ್ತೇನೆ ಎಂದು ಬೀದಿಯವರೆಲ್ಲ ಕೇಳುವ ಹಾಗೆ ಹೇಳಿಕೊಂಡು ತಿರುಗಿದ್ದೆ. ದಬ್ಬಣ ಎತ್ತಿ ಅವನ ಕುತ್ತಿಗೆಗೆ ಗುರಿಯಿಟ್ಟು ನುಗ್ಗಿದೆ. ಅವನು ನನ್ನ ಮಣಿಕಟ್ಟನ್ನು ಹಿಡಿದು, ನಲ್ಲಿ ತಿರುಗಿಸಿದಷ್ಟು ಸುಲಭವಾಗಿ ತಿರುಗಿಸಿದ. ದಬ್ಬಣ ನನ್ನ ಇನ್ನೊಂದು ಅಂಗೈಗೆ ಇಳಿದು ಆಚೆ ಬದಿಯಲ್ಲಿ ಮೂತಿ ಹಾಕಿತು. ನೋವು ಗೊತ್ತಾಗುವ ಮೊದಲೇ ಅವನ ಬೂಟು ನನ್ನ ಹೊಟ್ಟೆಗೆ ಬಿತ್ತು. ಗೋಡೆಯ ಕಪಾಟಿಗೆ ಬಾಯಿ ಬಡಿದು ನೆಲಕ್ಕೆ ಕುಸಿದೆ. ಮೇಲಿಂದ ಕೆಂಪು ಗಂಟುಗಳು ಉದುರಿದವು. ನಾಲಿಗೆಯ ಮೇಲೆ ನನ್ನದೇ ಒಂದು ಹಲ್ಲು ಇತ್ತು.

ಅಷ್ಟೇ ನನ್ನ ಶೌರ್ಯ.

ಅವನು ತಂಗಿಯ ಕಡೆ ತಿರುಗಿದ. ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದ. "ಮಗಳು ಎಲ್ಲಿ?"

"ಹೇಳಲ್ಲ," ಎಂದಳು.

ಕೆನ್ನೆಗೆ ಬಾರಿಸಿದ. ಅವಳ ತಲೆ ಪಕ್ಕಕ್ಕೆ ಹೊರಳಿ ಮತ್ತೆ ನೇರವಾಯಿತು.

"ಎಲ್ಲಿ?"

"ಹೇಳಲ್ಲ."

ಈ ಸಲ ಮುಷ್ಟಿ. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ನಾನು ಎದ್ದೇಳಲು ನೋಡಿದೆ, ಹೊಟ್ಟೆಯಲ್ಲಿ ಉಸಿರೇ ಇರಲಿಲ್ಲ. ಕೂಗಲು ನೋಡಿದೆ, ಬಾಯಿ ತುಂಬ ರಕ್ತ. ಅವನು ಅವಳನ್ನು ಮೇಜಿನ ಮೇಲೆ ಅಂಗಾತ ಕೆಡವಿ ಒತ್ತಿ, ಒಂದು ಕೈಯಲ್ಲಿ ತೀರ್ಪಿನ ಹಾಳೆಗಳನ್ನು ಅವಳ ಮುಖದ ಮುಂದೆ ಹಿಡಿದ, ಇನ್ನೊಂದು ಕೈಯಲ್ಲಿ ಗಂಟಲು ಅಮುಕಿದ. "ಇದನ್ನ ತಿನ್ನಿಸ್ತೀನಿ ನಿಂಗೆ, ಒಂದೊಂದೇ ಹಾಳೆ. ಎಲ್ಲಿ?"

ಅವಳ ಕಾಲುಗಳು ನೆಲ ಬಿಟ್ಟು ಮೇಲೆದ್ದು ಒದ್ದಾಡಿದವು. ಕೈಗಳು ಮೇಜಿನ ಮೇಲೆ ಏನನ್ನೋ ಹುಡುಕಿದವು. ಗಡಿಯಾರ ಸಿಕ್ಕಿತು, ಬಿಟ್ಟಳು. ಆಮೇಲೆ ಎರಡೂ ಕೈಗೆ ಸಿಕ್ಕಿದ್ದನ್ನು ಬಿಡಲಿಲ್ಲ.

ಒತ್ತುಮುದ್ರೆಯ ಯಂತ್ರ ಅವನ ಕಿವಿಯ ಮೇಲೆ ಬಿದ್ದ ಸದ್ದು ದೊಡ್ಡದೇನಲ್ಲ, ಒದ್ದೆ ಹಾಸಿಗೆ ನೆಲಕ್ಕೆ ಬಿದ್ದ ಹಾಗೆ. ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದು, ಕಿವಿ ಮುಟ್ಟಿ ನೋಡಿಕೊಂಡು, ಬೆರಳಿನ ರಕ್ತ ನೋಡಿದ. ಅವನ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ಆಶ್ಚರ್ಯ. ಕುರ್ಚಿಯೇ ಎದ್ದು ಹೊಡೆದಿದ್ದರೂ ಅವನಿಗೆ ಅಷ್ಟು ಆಶ್ಚರ್ಯವಾಗುತ್ತಿರಲಿಲ್ಲ. ಅವಳು ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಗೆ ಹೊಡೆದಳು. ಹಲ್ಲು ಮುರಿದ ಸದ್ದು ಕೇಳಿತು. ಹಾಳೆ ಹಿಡಿದಿದ್ದ ಕೈ ಮೇಜಿನ ಅಂಚಿಗೆ ಆತುಕೊಂಡಿತ್ತು; ಅದರ ಮೇಲೆ ಹೊಡೆದಳು. ಗಿರಾಕಿಗಳ ಗಲ್ಲ ಹಿಡಿಯುವ ಬೆರಳುಗಳು ಹಿಂದಕ್ಕೆ ಮಡಿಸಿಕೊಂಡವು. ಆಗ ಅವನು ಕಿರುಚಿದ, ಎಂಥ ಸಣ್ಣ ದನಿಯಲ್ಲಿ ಕಿರುಚಿದ.

ಅವನು ಬಿದ್ದ ಮೇಲೂ ಅವಳು ನಿಲ್ಲಿಸಲಿಲ್ಲ. ಹೆಗಲ ಮೇಲೆ, ಪಕ್ಕೆಯ ಮೇಲೆ, ತೊಡೆಯ ಮೇಲೆ. ಪ್ರತಿ ಏಟಿಗೂ ಅವಳ ಬಾಯಿಂದ ಭಾರ ಎತ್ತುವವರ ಹುಂಕಾರ ಬರುತ್ತಿತ್ತು. ನಾನು ಬೇಡ ಎನ್ನಲಿಲ್ಲ. ಸುಳ್ಳು ಯಾಕೆ, ನನಗೆ ಹಿತವಾಗಿತ್ತು. ಹಲ್ಲಿನ ನೋವು, ಕೈಯ ನೋವು ಎಲ್ಲ ಮರೆತು ನಾನು ಒಳಗೊಳಗೇ ಇನ್ನೊಂದು, ಇನ್ನೊಂದು ಎನ್ನುತ್ತಿದ್ದೆ. ಅವಳು ಯಂತ್ರವನ್ನು ಮತ್ತೆ ಅವನ ತಲೆಯ ನೇರಕ್ಕೆ ಎತ್ತಿದಾಗ ಮಾತ್ರ ಅಂಗೈಯ ದಬ್ಬಣ ಕಿತ್ತೆಸೆದು ತೆವಳಿಕೊಂಡು ಹೋಗಿ ಅವಳ ಕಾಲು ತಬ್ಬಿಕೊಂಡೆ.

"ಸಾಕು. ಸತ್ತೇ ಹೋಗ್ತಾನೆ. ಸಾಕು ಕಣೇ."

ಅವಳು ನಿಂತಳು. ಅಷ್ಟು ಹೊತ್ತಿಗೆ ಯಜಮಾನರ ತಲೆ ಮೆಟ್ಟಿಲ ಬಾಯಲ್ಲಿ ಕಾಣಿಸಿತು. ಕೊನೆಯ ಎರಡು ಏಟು ಅವರು ನೋಡಿದ್ದರು. ಟವೆಲಿನ ಮೇಲಿನ ಎರಡು ಕೆಂಪು ಕಣ್ಣು ಅಲ್ಲಾಡದೇ ನಿಂತಿದ್ದವು.

ತಂಗಿ ಯಂತ್ರವನ್ನು ಮೇಜಿನ ಮೇಲೆ ಇಟ್ಟಳು. ಎರಡೇ ಹೊಲಿಗೆ ಬಿದ್ದಿದ್ದ ಹಾಳೆಗಳನ್ನು ನೆಲದಿಂದ ಹೆಕ್ಕಿ, ಪುಟ ಸರಿಯಾಗಿದೆಯೇ ನೋಡಿ, ಅವರ ಮುಂದೆ ಹಿಡಿದಳು. "ಮುದ್ರೆ ಹಾಕಿ ಯಜಮಾನ್ರೇ."

"ತಾಯೀ..."

"ಮುದ್ರೆ ಹಾಕಿ."

ಅವರು ಟವೆಲಿನಿಂದ ಯಂತ್ರದ ಬಾಯಿ ಒರೆಸಿದರು. ಹಿಡಿಯ ಮೇಲೆ ಕೈಯಿಟ್ಟರು, ಒತ್ತಲಿಲ್ಲ. ಅವಳೇ ಅವರ ಕೈಯ ಮೇಲೆ ಕೈಯಿಟ್ಟು ಒತ್ತಿದಳು. ಕೋರ್ಟಿನ ಮುದ್ರೆ ಚೆನ್ನಾಗಿ ಮೂಡಿತು. ಅಂಚಿನಲ್ಲಿ ಒಂದು ಕಡೆ ಸ್ವಲ್ಪ ಕಂದು ಬಣ್ಣ ಹತ್ತಿತ್ತು, ಯಾರಾದರೂ ಕೇಳಿದರೆ ಚಹಾ ಎನ್ನಬಹುದು.

"ನಾನು ಒಳ್ಳೇದು ಮಾಡೋಣ ಅಂತ..." ಎಂದು ಯಜಮಾನರು ಅಳತೊಡಗಿದರು.

"ನಿಮ್ಮ ಒಳ್ಳೇತನ ಇನ್ನೊಂದು ಸ್ವಲ್ಪ ಜಾಸ್ತಿಯಾಗಿದ್ರೆ ಇವಳ ಹೆಣ ಹೊರಬೇಕಿತ್ತು," ಎಂದೆ. ಹಲ್ಲು ಬಿದ್ದ ಬಾಯಲ್ಲಿ ಮಾತು ಸೋರಿ ಹೋಗುತ್ತಿತ್ತು. "ಈಗ ಅಳ್ತಾ ಕೂರಬೇಡಿ. ಹೋಗಿ ಪೇದೇನ ಕರೀರಿ, ಆಂಬುಲೆನ್ಸ್ ಕರೀರಿ. ಆದ್ರೆ ಮೆಲ್ಲಗೆ ಹೋಗಿ. ಕೇಳಿದ್ರೆ, ಹೊಡೆದದ್ದು ದೊಡ್ಡವಳು ಅನ್ನಿ. ಚಿಕ್ಕವಳು ಇರಲೇ ಇಲ್ಲ."

ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು, ತಲೆಯಾಡಿಸಿ, ಚಿಲಕ ತೆಗೆದು ಕುಂಟುತ್ತಾ ಹೊರಟರು.

ತಂಗಿ ಮಾತ್ರ ಕುರ್ಚಿ ಎಳೆದು ಕೂತಳು. ಒಡೆದ ಹುಬ್ಬು, ಗಂಟಲ ಮೇಲೆ ಐದು ಬೆರಳ ಗುರುತು, ಆದರೆ ಬೆನ್ನು ನೆಟ್ಟಗಿತ್ತು. ಮದುವೆಯಾದ ಮೇಲೆ ಅವಳು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

"ನಾನೇ ಹೇಳ್ತೀನಿ," ಎಂದಳು. "ಹೊಡೆದದ್ದು ನಾನು."

"ಹುಚ್ಚು ಹಿಡಿದಿದೆಯಾ ನಿಂಗೆ? ನಿನ್ನ ಮೇಲೆ ಕೇಸಾದ್ರೆ ಯಾವ ದೇಶಕ್ಕೆ ಹೋಗ್ತೀಯಾ? ನೀನು ಒಳಗೆ ಹೋದ್ರೆ ಪಿಟೀಲು ಯಾರ ಪಾಲಾಗುತ್ತೆ? ಇವನ ಪಾಲು. ಆ ಕಾಗದ ತಗೋ, ಹಿಂದಿನ ಗೇಟಿಂದ ಹೋಗು, ಮಗೂನ ಕರ್ಕೊಂಡು ಬಸ್ಸು ಹತ್ತು. ಮನೆ ಕಡೆ ತಿರುಗಿ ನೋಡ್ಬೇಡ."

"ಅವನು ನನ್ನ ಕುತ್ತಿಗೆ ಅಮುಕ್ತಿದ್ದ. ಕಾನೂನಿಗೆ ಅದು ಅರ್ಥ ಆಗುತ್ತೆ."

"ಅರ್ಥ ಆಗೋಕೆ ಅದಕ್ಕೆ ಎಷ್ಟು ವರ್ಷ ಬೇಕು ಗೊತ್ತಾ? ಅಷ್ಟರಲ್ಲಿ ಮಗು ದೊಡ್ಡದಾಗಿರುತ್ತೆ. ಬಿದ್ದ ಮೇಲೂ ಹೊಡೆದ್ಯಲ್ಲ, ಅದಕ್ಕೇನು ಹೇಳ್ತೀಯಾ?"

ಅವಳು ನನ್ನ ಮುಖ ನೋಡಿದಳು. "ಅಕ್ಕ, ಹುಟ್ಟಿದಾಗಿಂದ ನಾನು ಒಂದು ಸಲಾನೂ ಯಾರಿಗೂ ತಿರುಗಿ ಹೊಡೆದಿರಲಿಲ್ಲ. ಇವತ್ತು ಹೊಡೆದೆ. ಅದನ್ನೂ ನಿಂದು ಅಂತ ಹೇಳ್ಬೇಕಾ? ಇದೊಂದು ನಂಗಿರಲಿ."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಬೇರೆ ದಿನವಾಗಿದ್ದರೆ ತಬ್ಬಿಕೊಂಡು ಅಳುತ್ತಿದ್ದೆ. ಓಣಿಯ ಆ ತುದಿಯಲ್ಲಿ ಬೂಟಿನ ಸದ್ದು ಕೇಳಿಸಿತು. ಎದ್ದೇಳು ಎಂದೆ. ಏಳಲಿಲ್ಲ. ಕಾಲಿಗೆ ಬೀಳ್ತೀನಿ ಎಂದೆ. ಬೀಳು ಎಂದಳು. ಕೈ ಹಿಡಿದು ಎಬ್ಬಿಸಿ ನಿಲ್ಲಿಸಿದೆ. "ನಾನು ಎಲ್ಲಿಗೂ ಹೋಗಲ್ಲ," ಎಂದು ಮತ್ತೆ ಶುರುಮಾಡಿದಳು.

ಕೆನ್ನೆಗೆ ಹೊಡೆದೆ. ದಬ್ಬಣ ಚುಚ್ಚಿದ ಕೈಯಲ್ಲೇ ಹೊಡೆದೆ, ಹಾಸಿಗೆ ಬಡಿದು ಗಟ್ಟಿಯಾದ ತೋಳಿನ ಪೂರ್ತಿ ಬಲ ಹಾಕಿ ಹೊಡೆದೆ. ಚಿಕ್ಕಂದಿನಿಂದ ಅವಳನ್ನು ಬೈದದ್ದಕ್ಕೆ ಲೆಕ್ಕವಿಲ್ಲ, ಆದರೆ ಕೈ ಮಾಡಿದ್ದು ಅದೇ ಮೊದಲು.

ಅವಳು ಕೆನ್ನೆ ಮುಚ್ಚಿಕೊಳ್ಳಲಿಲ್ಲ, ಹಿಂದೆ ಸರಿಯಲಿಲ್ಲ. ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಮುಖವನ್ನು ಸ್ವಲ್ಪ ಎತ್ತಿ, ಎರಡನೆಯ ಏಟಿಗೆ ಕಾಯುತ್ತಾ ನಿಂತಳು. ಆ ಮನೆಯಲ್ಲಿ ಇಷ್ಟು ವರ್ಷ ಅವಳು ಹೇಗೆ ನಿಲ್ಲುತ್ತಿದ್ದಳೆಂದು ನನಗೆ ಆಗ ಗೊತ್ತಾಯಿತು. ನೆಟ್ಟಗಿದ್ದ ಬೆನ್ನು ಎಲ್ಲಿ ಹೋಯಿತೋ.

"ಹೋಗು," ಎಂದೆ.

"ಸರಿ," ಎಂದಳು.

ಅವಳ ಕೆನ್ನೆಯ ಮೇಲೆ ನನ್ನ ಅಂಗೈಯ ರಕ್ತ ಮೆತ್ತಿತ್ತು. ನನ್ನ ತೋಳಿನ ಬಟ್ಟೆಯಿಂದ ಒರೆಸಲು ಹೋದರೆ ಒರೆಸಿಕೊಳ್ಳಲು ನಿಂತಳು. ಹುಬ್ಬಿಗೆ ಕರ್ಚೀಫು ಕಟ್ಟು ಎಂದರೆ ಕಟ್ಟಿಕೊಂಡಳು. ತೀರ್ಪನ್ನು ಎದೆಗೆ ಅವಚಿಕೊಂಡು ಹಿಂದಿನ ಗೇಟಿನ ಕಡೆ ನಡೆದಳು. ತಿರುಗಿ ನೋಡಬೇಡ ಎಂದಿದ್ದೆ, ನೋಡಲಿಲ್ಲ.

ಪೇದೆ ಬಂದು ಹೊಡೆದವರು ಯಾರು ಎಂದು ಕೇಳಿದ. ನಾನು ಎಂದೆ. ಯಜಮಾನರು ನೆಲ ನೋಡುತ್ತಾ ಹೌದು ಎಂದರು. ನನಗೆ ಭಯವಿದ್ದದ್ದು ಮಹಾ­ನುಭಾವನ ಹೇಳಿಕೆಯದು. ಆಸ್ಪತ್ರೆಯಲ್ಲಿ ದವಡೆಗೆ ತಂತಿ ಕಟ್ಟಿಸಿಕೊಂಡು ಮಲಗಿದ್ದ ಅವನು, ದೊಡ್ಡವಳೇ ಹೊಡೆದದ್ದು ಎಂದು ಹೇಳಿಕೆ ಕೊಟ್ಟ. ಹೆಂಡತಿಯಾಗಿದ್ದವಳ ಕೈಯಲ್ಲಿ ಏಟು ತಿಂದೆ ಎನ್ನಲು ಅವನ ಮೀಸೆ ಒಪ್ಪಲಿಲ್ಲ. ಹೀಗೆ ಆ ಏಟುಗಳೆಲ್ಲ ಸಹಿ, ಮುದ್ರೆ ಸಮೇತ ನನ್ನ ಹೆಸರಿಗೆ ಬಂದವು. ನಾನು ಒಳಗಿದ್ದು ಬಂದೆ. ಅದರ ಕಥೆ ಬೇಡ, ಅಲ್ಲಿಯ ಹಾಸಿಗೆಗಳನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ತಾಯಿ ಮಗಳು ಸಮುದ್ರದಾಚೆ ಚೆನ್ನಾಗಿದ್ದಾರೆ. ಅವನ ಮುರಿದ ಬೆರಳು ಅಲ್ಲಿಗೆ ಎಟುಕುವುದಿಲ್ಲ. ಪಿಟೀಲು ಈಗ ಯಾರು ಬಾಗಿಲು ಬಡಿದರೂ ತಾನೇ ಓಡಿ ಹೋಗಿ ತೆಗೆಯುತ್ತದಂತೆ. ವಾರಕ್ಕೊಮ್ಮೆ ಫೋನು ಬರುತ್ತದೆ. ಮಗು ನನ್ನ ಕಿವಿ ತೂತು ಬೀಳುವಷ್ಟು ಹರಟುತ್ತದೆ, "ದೊಡ್ಡಮ್ಮ, ನೀನು ಯಾವಾಗ ಬರ್ತೀಯಾ?" ಎಂದು ಪೀಡಿಸುತ್ತದೆ. ಆಮೇಲೆ ಫೋನು ತಂಗಿಯ ಕೈಗೆ ಹೋಗುತ್ತದೆ.

ನಾನು ಬೇಕೆಂದೇ ಏನಾದರೂ ತಲೆಕೆಟ್ಟ ಮಾತು ಆಡುತ್ತೇನೆ. ಮಗೂಗೆ ಸ್ಕೂಲು ಬಿಡಿಸು ಎನ್ನುತ್ತೇನೆ, ಸರಿ ಅಕ್ಕ ಎನ್ನುತ್ತಾಳೆ. ಆ ಕೆಲಸ ಬಿಟ್ಟು ಬೇರೆ ನೋಡು ಎನ್ನುತ್ತೇನೆ, ಸರಿ ಅಕ್ಕ ಎನ್ನುತ್ತಾಳೆ. ಕಳೆದ ವಾರ ನನಗೆ ತಡೆಯಲಾಗಲಿಲ್ಲ. "ಒಂದ್ಸಲ ನನ್ನ ಜೊತೆ ಜಗಳ ಆಡೇ, ನಿನ್ನ ದಮ್ಮಯ್ಯ," ಎಂದೆ.



"ಸರಿ ಅಕ್ಕ," ಎಂದಳು.